ಓದುಗರ ಪ್ರಶ್ನೆ, ನಮ್ಮ ಉತ್ತರ: ಕಪ್ಪು ಜನರ ಸಾಕ್ಷ್ಯಚಿತ್ರ ನೋಡುವುದು, ತೋರಿಸುವುದು, ತೆಗೆಯುವುದು

ಆಫ್ರಿಕದಿಂದ ಕಡಲಾಚೆಗೆ ಒಯ್ಯಲ್ಪಟ್ಟವರ ಮಕ್ಕಳು, ಮೊಮ್ಮಕ್ಕಳು ಸಾಕ್ಷ್ಯಚಿತ್ರದ ಮೂಲಕ ತಮ್ಮ ಗುರುತನ್ನು ಮರಳಿ ಕಟ್ಟಿಕೊಂಡ ಬಗೆಯ ಕುರಿತು ಮುಂಬಯಿ, ಪುಣೆ, ಗೋವೆಯ ಓದುಗರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಅರ್ಧಕ್ಕರ್ಧ ಪತ್ರಗಳು ಅಮೆರಿಕದಲ್ಲಿ ಶುರುವಾಗಿ ಯಲ್ಲಾಪುರಕ್ಕೆ ಬಂದು ನಿಂತಿವೆ. ಘಟ್ಟದ ಮೇಲಿನ, ಆಫ್ರಿಕ ಮೂಲದ ಸಿದ್ದಿಗಳು ನಮ್ಮ ಭಾಷೆಯನ್ನೂ ಆಡುವಾಗ ಅದು ಹಾಗಾಗಬೇಕಾದ್ದೇ.

ಪ್ರಶ್ನೆ: ನಮ್ಮ ಸಂಘದಲ್ಲಿ ಭಾನುವಾರಕ್ಕೊಂದರಂತೆ ನಾಲ್ಕು ಚಿತ್ರ ತೋರಿಸಬೇಕೆಂದಿದ್ದೇವೆ. ಹೆಚ್ಚಿನವರು ಅರವತ್ತು ದಾಟಿದವರು. ಯಾವ ಚಿತ್ರಗಳು, ಯಾವ ಕ್ರಮದಲ್ಲಿ? (ಮಾಟುಂಗಾ)

ಇಸವಿಯ ಕ್ರಮ ಬೇಡ. ಮೊದಲು ಕೆಡವಿದ್ದು, ಆಮೇಲೆ ಕಟ್ಟಿದ್ದು ಎಂಬ ಕ್ರಮದಲ್ಲಿ ತೋರಿಸಿ.

ಮೊದಲ ವಾರ ಮಾರ್ಲನ್ ರಿಗ್ಸ್ ಅವರ ‘ಎಥ್ನಿಕ್ ನೋಷನ್ಸ್’. ಒಂದು ಗಂಟೆಗಿಂತ ಕೊಂಚ ಕಡಿಮೆ. ಬಿಳಿಯ ಅಮೆರಿಕ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ ಗೊಂಬೆ, ಬಿಸ್ಕತ್ತಿನ ಡಬ್ಬ, ಕಾರ್ಟೂನು, ನಾಟಕದ ಮುಖವರ್ಣಿಕೆ, ಇವುಗಳಲ್ಲಿ ಕಪ್ಪು ಮನುಷ್ಯನನ್ನು ಹೇಗೆ ಚಿತ್ರಿಸಲಾಗಿತ್ತು ಎಂಬುದನ್ನು ಒಂದೊಂದಾಗಿ ಎದುರಿಗಿಡುತ್ತದೆ. ಇದನ್ನು ನೋಡದೆ ಮುಂದಿನ ಚಿತ್ರಗಳಿಗೆ ಹೋದರೆ, ಅವರು ಯಾವುದಕ್ಕೆ ಉತ್ತರ ಕೊಡುತ್ತಿದ್ದಾರೆಂಬುದೇ ತಿಳಿಯುವುದಿಲ್ಲ.

ಎರಡನೆಯದು ವಿಲಿಯಂ ಗ್ರೀವ್ಸ್ ಅವರ ‘ಫ್ರಮ್ ದೀಸ್ ರೂಟ್ಸ್’, 1974ರದು. 1920ರ ದಶಕದಲ್ಲಿ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್ಮಿನ ಸಾಹಿತ್ಯ, ಸಂಗೀತದ ಏಳಿಗೆಯನ್ನು ಬರೀ ಸ್ಥಿರಚಿತ್ರಗಳಿಂದ ಕಟ್ಟಿದ್ದಾರೆ. ಗ್ರೀವ್ಸ್ 1968ರಲ್ಲಿ ಶುರುವಾದ ‘ಬ್ಲ್ಯಾಕ್ ಜರ್ನಲ್’ ಎಂಬ ಸಾರ್ವಜನಿಕ ಟಿ.ವಿ. ಕಾರ್ಯಕ್ರಮವನ್ನು ನಡೆಸಿದವರು, ಕಪ್ಪು ತಂತ್ರಜ್ಞರ ಒಂದು ಪೀಳಿಗೆಯೇ ಅಲ್ಲಿ ಪಳಗಿತು. ಕೈಯಲ್ಲಿ ಹಳೆಯ ಫೋಟೋ ಬಿಟ್ಟರೆ ಬೇರೇನೂ ಇಲ್ಲದವರು ಈ ಚಿತ್ರವನ್ನು ಪಾಠದಂತೆ ನೋಡಬೇಕು.

ಮೂರನೆಯ ವಾರಕ್ಕೆ ‘ಹ್ಯಾಂಡ್ಸ್‌ವರ್ತ್ ಸಾಂಗ್ಸ್’ (1986). ಲಂಡನ್ನಿನ ಬ್ಲ್ಯಾಕ್ ಆಡಿಯೋ ಫಿಲ್ಮ್ ಕಲೆಕ್ಟಿವ್ ಮಾಡಿದ್ದು, ನಿರ್ದೇಶನ ಜಾನ್ ಅಕೊಮ್‌ಫ್ರಾ. 1985ರಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಲಂಡನ್ನಿನಲ್ಲಿ ನಡೆದ ಗಲಭೆಗಳ ಸುದ್ದಿಚಿತ್ರಗಳ ನಡುವೆ, ದಶಕಗಳ ಹಿಂದೆ ಕೆರಿಬಿಯನ್ನಿನಿಂದ ಬಂದಿಳಿದವರ ಹಳೆಯ ಫಿಲ್ಮು ತುಣುಕುಗಳನ್ನು ಹೊಂದಿಸಿದ್ದಾರೆ. ನಿರೂಪಕ ಕೈಹಿಡಿದು ನಡೆಸುವುದಿಲ್ಲ, ಆದ್ದರಿಂದ ನಿಮ್ಮ ಪ್ರೇಕ್ಷಕರಿಗೆ ಕಷ್ಟವಾಗುವುದು ಇದೇ. ಆರಂಭಕ್ಕೆ ಮುಂಚೆ ಐದು ನಿಮಿಷ ಹಿನ್ನೆಲೆ ಹೇಳಿ. ಅದಕ್ಕಿಂತ ಹೆಚ್ಚು ಮಾತಾಡಿದರೆ ಜನ ಚಹಾಕ್ಕೆ ಎದ್ದುಹೋಗುತ್ತಾರೆ.

ಕೊನೆಗೆ ಎರಡರಲ್ಲೊಂದು ಆಯ್ದುಕೊಳ್ಳಿ. ಮಾತಿ ದಿಯೋಪ್ ಅವರ ‘ದಾಹೋಮಿ’ 68 ನಿಮಿಷದ್ದು. 2024ರ ಬರ್ಲಿನ್ ಉತ್ಸವದಲ್ಲಿ ಚಿನ್ನದ ಕರಡಿ ಪಡೆದ ಚಿತ್ರ. ಫ್ರೆಂಚ್ ಸೇನೆ ದಾಹೋಮಿ ರಾಜ್ಯದಿಂದ ದೋಚಿ ಒಯ್ದಿದ್ದ 26 ವಸ್ತುಗಳು 2021ರಲ್ಲಿ ಪ್ಯಾರಿಸ್ಸಿನಿಂದ ಇಂದಿನ ಬೆನಿನ್ ದೇಶಕ್ಕೆ ಮರಳಿದ ಕಥೆ. ಅಲ್ಲಿನ ವಿಶ್ವವಿದ್ಯಾಲಯದ ಹುಡುಗ-ಹುಡುಗಿಯರು ಇದು ಗೌರವವೋ ಅವಮಾನವೋ ಎಂದು ಜಗಳಾಡುವ ಭಾಗವೇ ಚಿತ್ರದ ಜೀವ. ಇನ್ನೊಂದು, ರಿಗ್ಸ್ ಅವರ ಕೊನೆಯ ಚಿತ್ರ ‘ಬ್ಲ್ಯಾಕ್ ಈಸ್... ಬ್ಲ್ಯಾಕ್ ಏಂಟ್’. ಅವರು 1994ರ ಏಪ್ರಿಲ್‌ನಲ್ಲಿ ಏಡ್ಸ್‌ನಿಂದ ತೀರಿಕೊಂಡ ಮೇಲೆ ಜತೆಗಾರರು ಮುಗಿಸಿದ್ದು. ಕಪ್ಪು ಜನರೊಳಗೇ ಯಾರನ್ನು ನಮ್ಮವರೆನ್ನುವುದು, ಯಾರನ್ನು ಹೊರಗಿಡುವುದು ಎಂಬ ಪ್ರಶ್ನೆಯನ್ನು ಮುಲಾಜಿಲ್ಲದೆ ಕೇಳುತ್ತದೆ. ನಮ್ಮ ಆಯ್ಕೆ ಇದೇ. ಸಂಘ-ಸಂಸ್ಥೆ ನಡೆಸುವವರಿಗೆ ಈ ಪ್ರಶ್ನೆ ತಟ್ಟದೆ ಇರುವುದಿಲ್ಲ.

ಜಮೈಕಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಚಿಂತಕ ಸ್ಟುವರ್ಟ್ ಹಾಲ್ 1990ರ ಒಂದು ಪ್ರಬಂಧದಲ್ಲಿ, ಗುರುತು ಎಂಬುದು ಎಲ್ಲೋ ಹೂತಿಟ್ಟ, ಅಗೆದರೆ ಸಿಗುವ ನಿಧಿಯಲ್ಲ, ಅದು ಆಗುತ್ತಲೇ ಇರುವಂಥದ್ದು ಎಂದು ವಾದಿಸಿದರು. ಈ ಚಿತ್ರಗಳನ್ನು ಆಯ್ದದ್ದು ಆ ಕಾರಣಕ್ಕೆ. ‘ಬೇರು ಹುಡುಕಿ ಹೊರಟೆ, ಸಿಕ್ಕಿತು, ಅತ್ತೆ’ ಎಂಬ ಮಾದರಿಯ ಚಿತ್ರಗಳನ್ನು ಬೇಕೆಂದೇ ಬಿಟ್ಟಿದ್ದೇವೆ.

ಪ್ರಶ್ನೆ: ಒಬ್ಬ ಸದಸ್ಯರ ಒಟಿಟಿ ಖಾತೆಯಿಂದಲೇ ಪ್ರೊಜೆಕ್ಟರ್‌ಗೆ ಹಾಕಿ ತೋರಿಸಬಹುದಲ್ಲ? ಟಿಕೆಟ್ ಇಲ್ಲ. (ಡೊಂಬಿವಲಿ)

ಆಗದು. ಮನೆ ಖಾತೆಯ ಕರಾರು ಮನೆಗಷ್ಟೇ. ಟಿಕೆಟ್ ಇಲ್ಲ ಎನ್ನುವುದು ರಕ್ಷಣೆಯಾಗುವುದಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಹವ್ಯಾಸಿ ಸಂಘಗಳ ಉಚಿತ ಪ್ರದರ್ಶನಕ್ಕೆ ಕೊಟ್ಟ ವಿನಾಯಿತಿ ನಾಟಕ, ಸಾಹಿತ್ಯ, ಸಂಗೀತಕ್ಕೆ; ಸಿನಿಮಾ ಆ ಪಟ್ಟಿಯಲ್ಲಿಲ್ಲ. ಸಂಘಗಳು ಎಡವುವುದು ಇಲ್ಲೇ. ನಾಟಕ ಆಡಿಸಿದ ಅಭ್ಯಾಸದಲ್ಲಿ ಸಿನಿಮಾವೂ ಹಾಗೇ ಎಂದುಕೊಳ್ಳುತ್ತಾರೆ.

ಹಕ್ಕುದಾರರಿಗೆ ನೇರ ಪತ್ರ ಬರೆಯಿರಿ. ರಿಗ್ಸ್ ಚಿತ್ರಗಳಿಗೆ ಅವರೇ ಕಟ್ಟಿದ ಸಿಗ್ನಿಫೈಯಿನ್ ವರ್ಕ್ಸ್, ಬ್ಲ್ಯಾಕ್ ಆಡಿಯೋ ಚಿತ್ರಗಳಿಗೆ ಲಂಡನ್ನಿನ ಲಕ್ಸ್ ಅಥವಾ ಸ್ಮೋಕಿಂಗ್ ಡಾಗ್ಸ್ ಫಿಲ್ಮ್ಸ್. ಪತ್ರದಲ್ಲಿ ಈ ಐದು ಸಂಗತಿ ಇರಲೇಬೇಕು: ದಿನಾಂಕ, ಸಭಾಂಗಣ ಮತ್ತು ಕುರ್ಚಿಗಳ ಸಂಖ್ಯೆ, ಪ್ರವೇಶ ಉಚಿತವೋ ಅಲ್ಲವೋ, ಎಷ್ಟು ಪ್ರದರ್ಶನ, ಕನ್ನಡ ಸಬ್‌ಟೈಟಲ್ ಸೇರಿಸುವ ಅನುಮತಿ. ಐದನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಅನುವಾದದ ಹಕ್ಕು ಬೇರೆ ಹಕ್ಕು. ಕನಿಷ್ಠ ಎರಡು ತಿಂಗಳು ಮೊದಲೇ ಬರೆಯಿರಿ.

ಇನ್ನು ಸೆನ್ಸಾರ್. ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಪ್ರಮಾಣಪತ್ರ ಬೇಕು. ಇಂಥ ವಿದೇಶಿ ಸಾಕ್ಷ್ಯಚಿತ್ರಗಳಿಗೆ ಅದು ಸಾಮಾನ್ಯವಾಗಿ ಇರುವುದಿಲ್ಲ. ಹಿಂದಿನಿಂದ ಸವೆದ ದಾರಿಯೆಂದರೆ ಫಿಲ್ಮ್ ಸೊಸೈಟಿಗಳ ಒಕ್ಕೂಟಕ್ಕೆ ಸೇರಿದ ಸೊಸೈಟಿಯೊಂದರ ಜತೆಗೂಡಿ, ಸದಸ್ಯರಿಗಷ್ಟೇ ಎಂದು ನಡೆಸುವುದು. ಬಾಗಿಲಲ್ಲಿ ಸದಸ್ಯರ ಹೆಸರಿನ ಪುಸ್ತಕ ಇಡಿ. ಬೀದಿಯಲ್ಲಿ ‘ಎಲ್ಲರಿಗೂ ಸ್ವಾಗತ’ ಎಂಬ ಬ್ಯಾನರ್ ಕಟ್ಟಿ ಒಳಗೆ ಸದಸ್ಯರಿಗಷ್ಟೇ ಎಂದರೆ ಯಾರೂ ನಂಬುವುದಿಲ್ಲ.

ಪ್ರಶ್ನೆ: ಸಬ್‌ಟೈಟಲ್ ಕನ್ನಡದಲ್ಲಿ ಮಾಡಿದೆವು. ಪರದೆಯಲ್ಲಿ ಕೆಲವು ಕಡೆ ಚೌಕಗಳು, ಕೆಲವು ಕಡೆ ಒತ್ತಕ್ಷರ ಬಿಟ್ಟುಹೋಗಿ ಪಕ್ಕದಲ್ಲಿ ಕೂತಿತ್ತು. ಏಕೆ? (ಪಿಂಪ್ರಿ)

ಎರಡು ಬೇರೆ ಬೇರೆ ರೋಗ. ಚೌಕ ಬಂದರೆ ಫಾಂಟಿನಲ್ಲಿ ಕನ್ನಡವಿಲ್ಲ ಎಂದರ್ಥ. ಅದರ ಬದಲು ವಿಚಿತ್ರ ಲ್ಯಾಟಿನ್ ಚಿಹ್ನೆಗಳು ಕಂಡರೆ ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿಲ್ಲ, ಅಥವಾ ನುಡಿಯ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿ ತಂದಿದ್ದೀರಿ. ಯೂನಿಕೋಡ್‌ಗೆ ಪರಿವರ್ತಿಸಿ, ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ.

ಒತ್ತಕ್ಷರ ಬೇರ್ಪಟ್ಟರೆ ತಪ್ಪು ಫಾಂಟಿನದ್ದಲ್ಲ, ಎಡಿಟಿಂಗ್ ತಂತ್ರಾಂಶದ್ದು. ಅಕ್ಷರಗಳನ್ನು ಕೂಡಿಸಿ ಆಕಾರ ಕೊಡುವ ಭಾಗ ಅದರಲ್ಲಿ ಇಲ್ಲ, ಅಥವಾ ಚಾಲೂ ಆಗಿಲ್ಲ. ಅಡೋಬಿ ಪ್ರೀಮಿಯರ್‌ನಲ್ಲಿ ಪಠ್ಯದ ಆದ್ಯತೆಗಳಿಗೆ ಹೋಗಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಹಾಕಿ, ಯೋಜನೆಯನ್ನು ಮುಚ್ಚಿ ತೆರೆಯಿರಿ. ಅದೂ ಕೈಕೊಟ್ಟರೆ ಏಜಿಸಬ್ ಎಂಬ ಸಬ್‌ಟೈಟಲ್ ತಂತ್ರಾಂಶದಲ್ಲಿ ಎಎಸ್‌ಎಸ್ ಮಾದರಿಯ ಕಡತ ಮಾಡಿ, ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ತಂತ್ರಾಂಶದಿಂದ ಅಕ್ಷರಗಳನ್ನು ಚಿತ್ರಕ್ಕೇ ಸುಟ್ಟುಬಿಡಿ. ಉಚಿತ, ಮತ್ತು ಕನ್ನಡವನ್ನು ಸರಿಯಾಗಿ ಕೂಡಿಸುತ್ತದೆ. ಸುಡುವ ಮೊದಲು ‘ಸ್ವಾತಂತ್ರ್ಯ’, ‘ರಾಷ್ಟ್ರೀಯತ್ವ’ ಎಂಬ ಎರಡು ಪದ ಇರುವ ಪರೀಕ್ಷಾ ಸಾಲು ಹಾಕಿ ನೋಡಿ. ಇವು ಸರಿಬಂದರೆ ಉಳಿದದ್ದೂ ಸರಿ ಬರುತ್ತದೆ.

ಎರಡು ಸಾಲಿಗಿಂತ ಹೆಚ್ಚು ಬೇಡ. ಇಂಗ್ಲಿಷಿನ ಸಾಲಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ, ಆದ್ದರಿಂದ ಕಾಲು ಪಾಲು ಹೆಚ್ಚಿಸಿ. ಕೆಳಗೆ ಪರದೆಯ ಎತ್ತರದ ಶೇ. 8ರಷ್ಟು ಜಾಗ ಬಿಡಿ. ಸಭಾಂಗಣದಲ್ಲಿ ಮುಂದಿನವರ ತಲೆ ಅಡ್ಡ ಬರುತ್ತದಾದ್ದರಿಂದ ಶೇ. 12 ಆದರೂ ಅಡ್ಡಿಯಿಲ್ಲ. ಒಂದು ಸಬ್‌ಟೈಟಲ್ ಆರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು, ಒಂದೂವರೆಗಿಂತ ಕಡಿಮೆಯೂ ಆಗಬಾರದು. ವಯಸ್ಸಾದವರಿದ್ದರೆ ಮಾತನ್ನು ಮೂರನೇ ಒಂದು ಭಾಗದಷ್ಟು ಕತ್ತರಿಸಲೇಬೇಕಾಗುತ್ತದೆ. ಕತ್ತರಿಸುವಾಗ ವಿಶೇಷಣ ಹೋಗಲಿ, ಹೆಸರು ಹೋಗಬಾರದು. ಈ ಚಿತ್ರಗಳಲ್ಲಿ ಹೆಸರೇ ಮುಖ್ಯ.

ಪ್ರಶ್ನೆ: ಹಳಿಯಾಳ, ಯಲ್ಲಾಪುರದ ಸಿದ್ದಿಗಳ ಬಗ್ಗೆ ನಲವತ್ತು ನಿಮಿಷದ ಚಿತ್ರ ಮಾಡುತ್ತಿದ್ದೇವೆ. ಮೊದಲ ಚಿತ್ರೀಕರಣದಲ್ಲಿ ಮುಖಗಳೆಲ್ಲ ಮಂಕು, ಇಲ್ಲವೇ ಹಿಂದಿನ ಗೋಡೆ ಬೆಳ್ಳಗೆ ಸುಟ್ಟಿದೆ. ಅವರ ಡೋಲು ಡಮಾಮಿಯ ಶಬ್ದ ಒಡೆದಿದೆ. (ಪುಣೆ)

ಮೊದಲು ಬೆಳಕು. ತಪ್ಪು ಚರ್ಮದ್ದಲ್ಲ, ಅಳತೆಗೋಲಿನದ್ದು. ಫಿಲ್ಮಿನ ಕಾಲದಲ್ಲಿ ಕೊಡಾಕ್ ಪ್ರಯೋಗಾಲಯಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ಬಿಳಿಯ ಹೆಂಗಸಿನ ಚಿತ್ರವಿರುತ್ತಿತ್ತು, ಬಣ್ಣವನ್ನು ಆ ಚರ್ಮಕ್ಕೆ ಹೊಂದಿಸಲಾಗುತ್ತಿತ್ತು. ಅದು ಬದಲಾಗಲು ಕಾರಣವಾದದ್ದು ಕಪ್ಪು ಜನರ ದೂರಿಗಿಂತ ಹೆಚ್ಚಾಗಿ ಮರದ ಪೀಠೋಪಕರಣ ಮತ್ತು ಚಾಕೊಲೇಟ್ ತಯಾರಕರ ದೂರು: ತಮ್ಮ ಕಂದು ಬಣ್ಣಗಳ ವ್ಯತ್ಯಾಸ ಫೋಟೋದಲ್ಲಿ ಬರುತ್ತಿಲ್ಲ ಎಂದು. ಡಿಜಿಟಲ್ ಕ್ಯಾಮೆರಾದ ಆಟೋ ಮೀಟರ್ ಕೂಡ ಎಲ್ಲವನ್ನೂ ನಡುವಣ ಬೂದು ಬಣ್ಣಕ್ಕೆ ಎಳೆಯುತ್ತದೆ. ಸುಣ್ಣದ ಗೋಡೆ ಹಿಂದಿದ್ದರೆ ಮುಖ ಕಪ್ಪಾಗಿ ಮುಳುಗುತ್ತದೆ. ಮುಖವೇ ಚೌಕಟ್ಟು ತುಂಬಿದರೆ ಅಗತ್ಯಕ್ಕಿಂತ ಬೆಳಗಿ ಬೂದಿ ಬಳಿದಂತಾಗುತ್ತದೆ.

ಆಟೋ ಬಿಡಿ. 25 ಫ್ರೇಮ್, ಶಟರ್ 1/50. ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ಟ್ಯೂಬ್‌ಲೈಟ್ ಮಿಣುಕದೆ ಇರಲು ಇದೇ ಸರಿ. ಬೆಳಕಿನ ಮಟ್ಟವನ್ನು 0ಯಿಂದ 100ರ ಅಳತೆಯಲ್ಲಿ ತೋರಿಸುವ ವೇವ್‌ಫಾರ್ಮ್‌ನಲ್ಲಿ ಮುಖದ ಬೆಳಕಿನ ಬದಿ 40ರಿಂದ 50, ನೆರಳಿನ ಬದಿ 20ರ ಮೇಲೆ. ಅದಕ್ಕಿಂತ ಕೆಳಗಿದ್ದರೆ ಎಡಿಟಿಂಗ್‌ನಲ್ಲಿ ಎತ್ತಿದಾಗ ಎಂಟು-ಬಿಟ್ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಮನೆಯೊಳಗೆ ಮಾತಾಡಿಸುವಾಗ ಬಾಗಿಲಿನಿಂದ ಒಂದೂವರೆ ಮೀಟರ್ ಒಳಗೆ, ಬಾಗಿಲಿಗೆ ಓರೆಯಾಗಿ ಕೂರಿಸಿ. ಬಾಗಿಲು ಬೆನ್ನಿಗೆ ಬೇಡ. ಬಾಗಿಲಿಗೆ ಬಿಳಿ ಪಂಚೆ ಇಳಿಬಿಟ್ಟರೆ ಬೆಳಕು ಹರಡುತ್ತದೆ. ಕಪ್ಪು ಚರ್ಮದ ಆಕಾರ ತಿಳಿಯುವುದು ಬೆಳಕಿನ ಪ್ರಮಾಣಕ್ಕಿಂತ ಅದರ ಮೇಲಿನ ಹೊಳಪಿನಿಂದ. ಚಿಕ್ಕ ಎಲ್‌ಇಡಿ ಹಣೆಯ ಮೇಲೆ ಬಿಳಿ ಚುಕ್ಕಿ ಮಾಡುತ್ತದೆ, ದೊಡ್ಡ ಬಟ್ಟೆ ಕೆನ್ನೆಯ ಉದ್ದಕ್ಕೂ ಹೊಳಪು ಹಾಸುತ್ತದೆ. ಪೌಡರ್ ಹಚ್ಚಿ ಆ ಹೊಳಪನ್ನು ಕೊಲ್ಲಬೇಡಿ. ಅಡಿಕೆ ತೋಟದಲ್ಲಿ, ಕಾಡಿನ ಅಂಚಿನಲ್ಲಿ ಎಲೆಗಳ ಹಸಿರು ಮುಖಕ್ಕೆ ಬೀಳುತ್ತದೆ. ವೈಟ್ ಬ್ಯಾಲೆನ್ಸನ್ನು ಮುಖದ ಹತ್ತಿರ ಹಿಡಿದ ಬಿಳಿ ಕಾಗದದ ಮೇಲೆ ಹೊಂದಿಸಿ.

ಡಮಾಮಿ. ಶಬ್ದ ಒಡೆದದ್ದು ಮಟ್ಟವನ್ನು ತಾನೇ ಏರಿಸಿ ಇಳಿಸುವ ಆಟೋ ಗೇನ್‌ನಿಂದ. ಪ್ರತಿ ಪೆಟ್ಟಿಗೆ ಮಟ್ಟ ಕುಸಿದು, ಹಾಡುವವರ ದನಿ ಮುಳುಗಿ ಮತ್ತೆ ಏಳುತ್ತದೆ. ಅದನ್ನು ಆರಿಸಿ, ಅತಿ ಜೋರಿನ ಪೆಟ್ಟು ಮೈನಸ್ 12 ಡೆಸಿಬೆಲ್‌ಗೆ ಬರುವಂತೆ ಹೊಂದಿಸಿ. ಕುಣಿತ ಏರಿದಾಗ ಪೆಟ್ಟು ಇನ್ನೂ ಬಲವಾಗುತ್ತದೆ, ಆ 12 ಡೆಸಿಬೆಲ್ ಬೇಕಾಗುವುದು ಆಗಲೇ. ಎರಡು ರೆಕಾರ್ಡರ್ ಇಡಿ: ಒಂದು ಡಮಾಮಿಯಿಂದ ಮೂರು ಮೀಟರ್ ದೂರ, ಇನ್ನೊಂದು ಹಾಡುವ ಹೆಂಗಸರ ಹತ್ತಿರ, 48 ಕಿಲೋಹರ್ಟ್ಸ್, 24 ಬಿಟ್. ಮಾತಿಗೆ ಹಾಕಿದ್ದ, ತಗ್ಗು ಶಬ್ದ ಕತ್ತರಿಸುವ ಲೋ-ಕಟ್ ತೆಗೆಯಿರಿ, ಇಲ್ಲದಿದ್ದರೆ ಡಮಾಮಿಯ ಹೊಟ್ಟೆಯೇ ಹೋಗುತ್ತದೆ. ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆಸಿ, ಜೋಡಿಸಲು ಸುಲಭ. ಸೆಕೆಂಡಿಗೆ 50 ಮೆಗಾಬಿಟ್‌ನ ವಿಡಿಯೋ ಗಂಟೆಗೆ 22.5 ಜಿಬಿ ತಿನ್ನುತ್ತದೆ. ಅದರ ಎರಡು ಪ್ರತಿಗೆ ಜಾಗ ಹಿಡಿದೇ ಊರು ಬಿಡಿ.

ಕೇಳದೆ ಇದ್ದರೂ ಒಂದು ಮಾತು. ನೀವು ಕಳಿಸಿದ ಪ್ರಶ್ನಾವಳಿಯ ಮೊದಲ ಪ್ರಶ್ನೆ ‘ನೀವು ಆಫ್ರಿಕದ ಯಾವ ಭಾಗದಿಂದ ಬಂದವರು?’ ಎಂದಿದೆ. ಅದನ್ನು ತೆಗೆಯಿರಿ. ಯಾರಿಗೂ ಉತ್ತರ ಗೊತ್ತಿರದ ಪ್ರಶ್ನೆ ಕೇಳಿ, ತಬ್ಬಿಬ್ಬಾದ ಮುಖವನ್ನು ಚಿತ್ರದಲ್ಲಿ ಇಡುವುದು ಹಿಂಸೆ. ಬದಲಿಗೆ: ನೀವು ಹೆಸರು ಹೇಳಬಲ್ಲ ಅತಿ ಹಿರಿಯರು ಯಾರು? ಅವರು ಯಾರ ಮನೆಯಲ್ಲಿ, ಯಾರ ಜಮೀನಿನಲ್ಲಿ ದುಡಿದರು? ಹಿರಿಯರಿಗೆ ಎಡೆ ಇಡುವಾಗ ಯಾರ ಯಾರ ಹೆಸರು ಹೇಳುತ್ತೀರಿ? ಈ ಕೌದಿಯ ಹೊಲಿಗೆ ಯಾರಿಂದ ಕಲಿತಿರಿ? ಉತ್ತರಗಳು ಹೊಳೆಯಂತೆ ಬರುತ್ತವೆ. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಒಂದೇ ಕೇರಿಯ ಕುಣಿತ ತೋರಿಸಿ ‘ಸಿದ್ದಿ ಸಂಸ್ಕೃತಿ’ ಎಂದರೆ ಉಳಿದಿಬ್ಬರು ತಮ್ಮದೇ ಚಿತ್ರದಿಂದ ಹೊರಗಾಗುತ್ತಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು, 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು, ಇವೂ ಗುರುತಿನ ಕಥೆಯೇ. ಜಾತಿ ಪ್ರಮಾಣಪತ್ರಕ್ಕೆ ಅಲೆದ ಮಾತು ಡಮಾಮಿಯಷ್ಟೇ ಹೊತ್ತು ಪರದೆಯ ಮೇಲಿರಲಿ. ಮತ್ತೆ ನೀವು ಹಿನ್ನೆಲೆಗೆ ಹಾಕಿದ ಆ ಆಫ್ರಿಕನ್ ಜೆಂಬೆ ಡೋಲಿನ ಸ್ಟಾಕ್ ಸಂಗೀತ? ಅದು ಪಶ್ಚಿಮ ಆಫ್ರಿಕದ ವಾದ್ಯ. ಇಲ್ಲಿ ಅದಕ್ಕೇನು ಕೆಲಸ?

ಪ್ರಶ್ನೆ: ಮುಖ್ಯ ಪಾತ್ರಧಾರಿಯ ಡಿಎನ್‌ಎ ಪರೀಕ್ಷೆ ಮಾಡಿಸಿ ಫಲಿತಾಂಶ ಓದುವ ದೃಶ್ಯ ಇಟ್ಟರೆ ಹೇಗೆ? (ಠಾಣೆ)

ನಾಟಕೀಯತೆ ಸಿಗುತ್ತದೆ, ಊರು ಸಿಗುವುದಿಲ್ಲ. ತಾಯಿಯ ಕಡೆಯ ಪರೀಕ್ಷೆ ತಾಯಿ, ಅವಳ ತಾಯಿ ಎಂಬ ಒಂದೇ ದಾರ ಹಿಡಿಯುತ್ತದೆ, ತಂದೆಯ ಕಡೆಯದ್ದೂ ಹಾಗೆಯೇ. ಹತ್ತು ತಲೆಮಾರು ಹಿಂದೆ ಹೋದರೆ 1,024 ಪೂರ್ವಜರ ಸ್ಥಾನಗಳಿವೆ. ಅದರಲ್ಲಿ ಒಂದೋ ಎರಡೋ ಮಾತ್ರ ಮಾತಾಡುತ್ತವೆ. ಇನ್ನು ಶೇಕಡಾವಾರು ಹೇಳುವ ಪರೀಕ್ಷೆ ಇಂದಿನ ಜನರ ಮಾದರಿಗಳಿಗೆ ಹೋಲಿಸುವಂಥದ್ದು; ಕಂಪನಿಯ ಬಳಿ ಮೊಜಾಂಬಿಕ್, ಟಾಂಜಾನಿಯಾದ ಮಾದರಿ ಕಡಿಮೆಯಿದ್ದರೆ ಉತ್ತರ ಬೇರೆಡೆಗೆ ಜಾರುತ್ತದೆ. ಸಿದ್ದಿಗಳ ಕುರಿತು 2011ರಲ್ಲಿ ಪ್ರಕಟವಾದ ಸಂಶೋಧನೆ ಬಾಂಟು ಭಾಷಿಕ ಆಫ್ರಿಕದ ಮೂಲ, ಜತೆಗೆ ಭಾರತೀಯ ಮತ್ತು ಅಲ್ಪ ಯುರೋಪಿಯನ್ ಮಿಶ್ರಣವನ್ನು ತೋರಿಸಿದೆ. ಚಿತ್ರಕ್ಕೆ ಅದು ಸಾಕು. ಮಾಡಿಸಲೇಬೇಕೆಂದರೆ ಫಲಿತಾಂಶವನ್ನು ಕ್ಯಾಮೆರಾ ಇಲ್ಲದೆ ಮೊದಲು ಅವರಿಗೆ ಕೊಡಿ, ಚಿತ್ರದಲ್ಲಿ ಇಡುವುದೋ ಬೇಡವೋ ಎಂದು ಅವರೇ ಹೇಳಲಿ. ಉತ್ತರ ಅವರ ಅಣ್ಣತಮ್ಮಂದಿರಿಗೂ ಅನ್ವಯಿಸುತ್ತದೆ ಎಂಬುದನ್ನು ಮೊದಲೇ ತಿಳಿಸಬೇಕು.

ಪ್ರಶ್ನೆ: ಗೋವೆಯ ದಾಖಲೆಗಳಲ್ಲಿ ಸಿದ್ದಿ ಪೂರ್ವಜರು ಸಿಗುತ್ತಾರೆಯೇ? (ವಾಸ್ಕೋ)

ಜನ ಸಿಗುತ್ತಾರೆ, ‘ನಮ್ಮ ಅಜ್ಜ’ ಸಿಗುವುದು ಅಪರೂಪ. ಪಣಜಿಯ ಸರ್ಕಾರಿ ಪತ್ರಾಗಾರದಲ್ಲಿ ಪೋರ್ಚುಗೀಸ್ ಆಡಳಿತದ ಕಡತಗಳಿವೆ, ಗುಲಾಮರ ಬಿಡುಗಡೆ ಪತ್ರಗಳೂ ಇವೆ. ತೊಡಕು ಇಷ್ಟು: ದೀಕ್ಷಾಸ್ನಾನದಲ್ಲಿ ಹೆಸರು ಬದಲಾಗುತ್ತಿತ್ತು. ಬರೆದಿರುವುದು ಒಡೆಯನ ಪೂರ್ಣ ಹೆಸರು, ಗುಲಾಮನಿಗೆ ಬರೀ ಆಂತೋನಿಯೋ ಅಥವಾ ಮರಿಯಾ. ಕಾಡು ಸೇರಿ ಘಟ್ಟ ಹತ್ತಿದವರು ಸಹಜವಾಗಿಯೇ ಕಡತದ ಹೊರಗೆ ಹೋದರು. ಅಮೆರಿಕದಲ್ಲೂ ಇದೇ ಗೋಡೆ ಇದೆ. 1850 ಮತ್ತು 1860ರ ಗುಲಾಮರ ಗಣತಿಯಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಅಷ್ಟೇ. ಹೆಚ್ಚಿನವರ ಹೆಸರು ಮೊದಲ ಬಾರಿ ಕಾಣುವುದು 1870ರಲ್ಲಿ. ಅಲ್ಲಿನ ಒಳ್ಳೆಯ ಚಿತ್ರಗಳು ಆ ಹೆಸರಿನ ಖಾಲಿ ಜಾಗವನ್ನೇ ಪರದೆಯ ಮೇಲೆ ಹತ್ತು ಸೆಕೆಂಡು ನಿಲ್ಲಿಸುತ್ತವೆ. ನೀವೂ ಹಾಗೇ ಮಾಡಿ, ನಟರನ್ನಿಟ್ಟು ಹಡಗಿನ ದೃಶ್ಯ ಮರುಸೃಷ್ಟಿಸಬೇಡಿ.

ಹೋಗುವಾಗ ಪೋರ್ಚುಗೀಸ್ ಕೈಬರಹ ಓದಬಲ್ಲವರು ಜತೆಗಿರಲಿ. ನಕಲು ಮತ್ತು ಚಿತ್ರೀಕರಣದ ಅನುಮತಿ ಬೇರೆ ಬೇರೆ ಅರ್ಜಿ ಎಂದುಕೊಂಡೇ ಹೊರಡಿ. ಪ್ರತಿ ಹಾಳೆಯ ಚಿತ್ರಕ್ಕೂ ಸಂಪುಟದ ಸಂಖ್ಯೆ, ಹಾಳೆಯ ಸಂಖ್ಯೆ ಬರೆದಿಡಿ. ಇಲ್ಲದಿದ್ದರೆ ಆರು ತಿಂಗಳ ನಂತರ ಆ ಚಿತ್ರ ಯಾವ ಪುಸ್ತಕದ್ದೆಂದು ಯಾರಿಗೂ ತಿಳಿಯದು. ಘಟ್ಟದ ಕಡೆಗೆ ವಾಸ್ಕೋದಿಂದ ಲೋಂಡಾ ಮಾರ್ಗವಾಗಿ ಅಳ್ನಾವರದಲ್ಲಿ ಇಳಿದರೆ ಹಳಿಯಾಳ ಹತ್ತಿರ. ಒಂದು ಎಚ್ಚರಿಕೆ: ಗೋವೆಯಲ್ಲಿದ್ದು ಕೊಂಕಣಿ ಬರುತ್ತದೆಂದು ಸಿದ್ದಿ ಕೊಂಕಣಿಯನ್ನು ನೀವೇ ಬರೆದಿಳಿಸಬೇಡಿ. ಸಿದ್ದಿ ಸಮುದಾಯದವರೊಬ್ಬರಿಗೆ ಸಂಬಳ ಕೊಟ್ಟು ಬರೆಸಿ.

ಪ್ರಶ್ನೆ: ಮುಂಬಯಿಗೂ ಈ ಕಥೆಗೂ ನೇರ ಸಂಬಂಧ ಇದೆಯೇ, ಸಿದ್ದಿಗಳು ಆಳಿದ ಜಂಜಿರಾ ಕೋಟೆ ಬಿಟ್ಟು? (ಮುಲುಂಡ್)

ಇದೆ, ಚೆನ್ನಾಗಿಯೇ ಇದೆ. 19ನೇ ಶತಮಾನದಲ್ಲಿ ಬ್ರಿಟಿಷ್ ನೌಕೆಗಳು ಗುಲಾಮರ ಹಡಗುಗಳಿಂದ ಬಿಡಿಸಿದ ಆಫ್ರಿಕನ್ ಮಕ್ಕಳಲ್ಲಿ ಹಲವರನ್ನು ಮುಂಬಯಿಯಲ್ಲಿ ಇಳಿಸಲಾಯಿತು. ನಾಸಿಕ ಬಳಿಯ ಶರಣಪುರದಲ್ಲಿ ಮಿಷನ್ ಅವರಿಗೆ ಆಶ್ರಯಧಾಮ ನಡೆಸಿತು. ‘ಬಾಂಬೆ ಆಫ್ರಿಕನ್ನರು’ ಎಂದು ಕರೆಯುವುದು ಇವರನ್ನೇ. ನಾಸಿಕದಲ್ಲಿ ಕಲಿತ ಜೇಕಬ್ ವೇನ್‌ರೈಟ್, ಮುಂಬಯಿಯಲ್ಲಿ ಓದಿದ ಚೂಮಾ, ಜತೆಗೆ ಸೂಸಿ, ಇವರು 1873ರಲ್ಲಿ ತೀರಿಕೊಂಡ ಸ್ಕಾಟ್ಲೆಂಡಿನ ಮಿಷನರಿ, ಅನ್ವೇಷಕ ಲಿವಿಂಗ್‌ಸ್ಟನ್ನನ ದೇಹವನ್ನು ಆಫ್ರಿಕದ ಒಳನಾಡಿನಿಂದ ಕಡಲತೀರಕ್ಕೆ ಹೊತ್ತು ತಂದವರಲ್ಲಿ ಸೇರಿದ್ದರು. ವೇನ್‌ರೈಟ್ ದಿನಚರಿಯನ್ನೂ ಬರೆದಿಟ್ಟಿದ್ದಾನೆ. ಆಮೇಲೆ ಹಲವರು ಇಂದಿನ ಕೀನ್ಯಾದ ಮೊಂಬಾಸಾ ಬಳಿ ಬಿಡುಗಡೆಯಾದ ಗುಲಾಮರಿಗೆಂದು ಕಟ್ಟಿದ ಫ್ರೀರ್ ಟೌನ್‌ಗೆ ಹೋಗಿ ನೆಲೆಸಿದರು. ಅಂದರೆ ಆಫ್ರಿಕಕ್ಕೆ ಮರಳಿದಾಗಲೂ ಅಲ್ಲಿ ಅವರು ‘ಬಾಂಬೆಯವರು’. ಇದರ ಮೇಲೆ ಕನ್ನಡದಲ್ಲಿ ಯಾರಾದರೂ ಚಿತ್ರ ಮಾಡಿದರೆ ನಾವು ಮೊದಲ ಸಾಲಿನಲ್ಲಿ ಕೂರುತ್ತೇವೆ.

ಆ ಕಾಲದ ಚಲಿಸುವ ಚಿತ್ರ ಸಿಗುವುದಿಲ್ಲ, ಫೋಟೋಗಳೇ ಗತಿ. 4×6 ಇಂಚಿನ ಪ್ರಿಂಟನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿದರೆ 3600 ಪಿಕ್ಸೆಲ್ ಅಗಲ. ಎಚ್‌ಡಿ ಚಿತ್ರದಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು ಒಳಸರಿಯಬಹುದು. 4ಕೆ ಆದರೆ 1200 ಡಿಪಿಐ ಬೇಕು. ಟಿಫ್‌ನಲ್ಲಿ ಉಳಿಸಿ, ಹಿಂಬದಿಯನ್ನೂ ಸ್ಕ್ಯಾನ್ ಮಾಡಿ; ಹೆಸರುಗಳಿರುವುದು ಅಲ್ಲೇ.

ಪ್ರಶ್ನೆ: ಹಳೆಯ ತುಣುಕುಗಳ ಹಕ್ಕನ್ನು ಐದು ವರ್ಷಕ್ಕೆ ಪಡೆದರೆ ಅಗ್ಗ. ಸಾಲದೇ? (ಪುಣೆ)

‘ಐಸ್ ಆನ್ ದಿ ಪ್ರೈಜ್’ ಸರಣಿಗೆ ಆದದ್ದನ್ನು ನೋಡಿ. ಹೆನ್ರಿ ಹ್ಯಾಂಪ್ಟನ್ ಅವರ ಬ್ಲ್ಯಾಕ್‌ಸೈಡ್ ಸಂಸ್ಥೆ ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯ ಮೇಲೆ 1987ರಲ್ಲಿ ಆರು, 1990ರಲ್ಲಿ ಎಂಟು ಕಂತು ಮಾಡಿತು. ಹಣದ ಕೊರತೆಯಿಂದ ಸುದ್ದಿಚಿತ್ರ, ಫೋಟೋ, ಹಾಡುಗಳ ಹಕ್ಕನ್ನು ಸೀಮಿತ ಅವಧಿಗೆ ಕೊಂಡಿದ್ದರು. ಅವಧಿ ಮುಗಿದಾಗ ಪ್ರಸಾರವೂ ಇಲ್ಲ, ಹೊಸ ಪ್ರತಿಯ ಮಾರಾಟವೂ ಇಲ್ಲ. ಶಾಲೆಗಳು ಸವೆದ ವಿಎಚ್‌ಎಸ್ ಟೇಪುಗಳನ್ನೇ ನೆಚ್ಚಿಕೊಂಡವು. ದೊಡ್ಡ ದೇಣಿಗೆ ಬಂದು ಹಕ್ಕುಗಳನ್ನು ಮತ್ತೆ ಕೊಂಡ ಮೇಲೆ, 2006ರಲ್ಲಿ ಟಿ.ವಿ.ಗೆ ಮರಳಿತು.

ಆದ್ದರಿಂದ ಹತ್ತು ನಿಮಿಷದ ತುಣುಕನ್ನು ಐದು ವರ್ಷಕ್ಕೆ ಕೊಳ್ಳುವ ಬದಲು ಎರಡು ನಿಮಿಷವನ್ನು ಶಾಶ್ವತವಾಗಿ, ಎಲ್ಲ ಮಾಧ್ಯಮಕ್ಕೆ, ಎಲ್ಲ ದೇಶಕ್ಕೆ ಕೊಳ್ಳಿ. ದರ ಸೆಕೆಂಡಿನ ಲೆಕ್ಕದಲ್ಲಿರುತ್ತದೆ, ಸಾಮಾನ್ಯವಾಗಿ ಒಂದು ಕನಿಷ್ಠ ಮೊತ್ತವೂ ಇರುತ್ತದೆ. ಎಡಿಟ್ ಅಂತಿಮವಾದ ಮೇಲೆ ಕರಾರು ಮಾಡಿ, ಆದರೆ ದರವನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಪುಣೆಯ ಫಿಲ್ಮ್ ಆರ್ಕೈವ್ ಮತ್ತು ಮುಂಬಯಿಯ ಫಿಲ್ಮ್ಸ್ ಡಿವಿಷನ್ ಎರಡೂ 2022ರಿಂದ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಡಿ (ಎನ್‌ಎಫ್‌ಡಿಸಿ) ಬಂದಿವೆ, ಅರ್ಜಿ ಅಲ್ಲಿಗೆ.

ಸಿದ್ದಿ ಕುಟುಂಬಗಳ ಹಾಡು, ಫೋಟೋಗಳಿಗೂ ಇದೇ ಶಿಸ್ತು ಇರಲಿ. ಕನ್ನಡದಲ್ಲಿ ಒಂದೇ ಪುಟದ ಒಪ್ಪಿಗೆ ಪತ್ರ ಮಾಡಿ. ಓದಿ ಹೇಳಿ, ಓದಿದ್ದನ್ನೂ ಅವರ ಒಪ್ಪಿಗೆಯನ್ನೂ ಕ್ಯಾಮೆರಾದಲ್ಲಿ ಹಿಡಿಯಿರಿ. ಒರಟು ಎಡಿಟ್ ನೋಡಿದ ಮೇಲೆ ಹಿಂದೆ ಸರಿಯಲು 30 ದಿನ ಕೊಡಿ. ಬಳಸದ ಪೂರ್ಣ ಸಂದರ್ಶನಗಳೂ ಸೇರಿ ಎಲ್ಲದರ ಒಂದು ಪ್ರತಿ ಹಾರ್ಡ್‌ಡಿಸ್ಕಿನಲ್ಲಿ ಊರಿಗೆ ಹೋಗಬೇಕು ಎಂಬುದನ್ನು ಆ ಪತ್ರದಲ್ಲೇ ಬರೆಯಿರಿ. ಡಿಸ್ಕನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿ, ಜತೆಗೆ ಅದೇ ಸಂದರ್ಶನಗಳ ಸಣ್ಣ ಎಂಪಿ4 ಪ್ರತಿಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿ. ಊರಿನ ಟಿ.ವಿ.ಯಲ್ಲಿ ಓಡುವುದು ಅದೇ.